ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ವಿಳಾಸ ಸೇರಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಬೆಂಗಳೂರಿನಲ್ಲಿ ಕುಡಿತ ಬಿಡಬೇಕೆಂದವರಿಗೆ ವೈದ್ಯರೇ ಇಲ್ಲ ಎನ್ನುವಂತಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತೊಡಕು ಶುರುವಾಗುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಕೈನಡುಕ ನಿಂತಿರುತ್ತದೆ, ಮಾತ್ರೆ ಕೈಯಲ್ಲಿರುತ್ತದೆ, ಮುಂದಿನ ತಪಾಸಣೆಗೆ ಇನ್ನೂ ದಿನಗಳಿರುತ್ತವೆ. ಅಲ್ಲಿಯವರೆಗಿನ ಸಂಜೆಗಳನ್ನು ಕಳೆಯುವುದು ಎಲ್ಲಿ? ‘ಎ.ಎ. ಮೀಟಿಂಗ್‌ಗೆ ಹೋಗಿ’ ಎಂದು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಎಲ್ಲಿ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ಎಂಬುದು ಚೀಟಿಯಲ್ಲಿ ಇರುವುದಿಲ್ಲ.

ಎ.ಎ. ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ; 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಶುರುವಾದದ್ದು. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ; ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಒಳಗೆ ಹೋಗಬಹುದು. ಸಾಮಾನ್ಯವಾಗಿ ಗಂಟೆ, ಒಂದೂವರೆ ಗಂಟೆಯ ಸಭೆ. ಮುಕ್ತ ಸಭೆಗೆ ಮನೆಯವರೂ ಬರಬಹುದು, ಮುಚ್ಚಿದ ಸಭೆ ಕುಡಿತದ ಸಮಸ್ಯೆ ಇದ್ದವರಿಗೆ ಮಾತ್ರ. ಇದು ಮೊದಲೇ ತಿಳಿಯದೆ ಗಂಡನ ಜೊತೆ ಬಂದ ಹೆಂಡತಿಯನ್ನು ಹೊರಗೆ ಕೂರಿಸಿದರೆ, ಮುಂದಿನ ವಾರ ಇಬ್ಬರೂ ಬರುವುದಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ. ಅದರ ವಿಳಾಸವನ್ನೂ ಯಾರೂ ಬರೆದುಕೊಡುವುದಿಲ್ಲ.

ಸಭೆಗಳ ಪಟ್ಟಿಯೇ ಇಲ್ಲವೆಂದಲ್ಲ. ಅದು ಕೈಕೊಡುವುದು ಸಣ್ಣಪುಟ್ಟ ವಿಷಯಗಳಲ್ಲಿ. ಬಹಳಷ್ಟು ಸಭೆಗಳು ನಡೆಯುವುದು ಚರ್ಚ್ ಆವರಣಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ. ಮಾರ್ಚ್‌ನಲ್ಲಿ ಪರೀಕ್ಷೆ ಬಂತೆಂದರೆ ಕೊಠಡಿ ಸಿಗದೆ ಸಭೆ ಬೇರೆ ಕಡೆ ಹೋಗುತ್ತದೆ, ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಮೊಬೈಲ್ ನಕ್ಷೆ ಮುಂದಿನ ಗೇಟಿಗೆ ತಂದು ಬಿಡುತ್ತದೆ. ಸಂಜೆ ಏಳರ ಹೊತ್ತಿಗೆ ಅದಕ್ಕೆ ಬೀಗ, ತೆರೆದಿರುವುದು ಹಿಂದಿನ ರಸ್ತೆಯ ಸಣ್ಣ ಗೇಟು. ಹೊಸಬ ವಾಚ್‌ಮನ್ ಹತ್ತಿರ ಏನೆಂದು ಕೇಳಬೇಕು? ‘ಕುಡುಕರ ಮೀಟಿಂಗ್ ಎಲ್ಲಿ’ ಎನ್ನಲು ನಾಲಿಗೆ ಏಳುವುದಿಲ್ಲ. ಎರಡು ಸಲ ಅತ್ತಿಂದಿತ್ತ ಓಡಾಡಿ ವಾಪಸ್ ಹೊರಡುತ್ತಾನೆ. ಬಾರ್ ಹುಡುಕಲು ಅವನಿಗೆ ಯಾವ ಪಟ್ಟಿಯೂ ಬೇಕಿಲ್ಲ.

ಆದ್ದರಿಂದ ಪಟ್ಟಿಯಲ್ಲಿ ವಾರ, ಸಮಯ, ಭಾಷೆ, ಮುಕ್ತವೋ ಮುಚ್ಚಿದ್ದೋ ಎಂಬುದರ ಜೊತೆಗೆ ಯಾವ ಗೇಟು, ಎಷ್ಟನೇ ಮಹಡಿ, ಹತ್ತಿರದ ಬಸ್ ಸ್ಟಾಪ್ ಯಾವುದು, ಹೆಂಗಸರೂ ಬರುವ ಸಭೆಯೇ ಎಂಬುದೂ ಇರಲಿ. ಮೂರು ತಿಂಗಳಿಗೊಮ್ಮೆ ಗುಂಪಿನವರಿಗೆ ಫೋನ್ ಮಾಡಿ ಸರಿನೋಡಿ, ನೋಡಿದ ದಿನಾಂಕವನ್ನು ಕೆಳಗೆ ಅಚ್ಚು ಮಾಡಲಿ. ದಿನಾಂಕವಿಲ್ಲದ ಪಟ್ಟಿಯನ್ನು ನಂಬಿ ಯಾರನ್ನೂ ಕಳಿಸಬಾರದು.

ಆ ಹಾಳೆಯ ತಲೆಯ ಮೇಲೆ ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿ ಬೇಕೇ ಬೇಕು. ದಿನಾ ವಿಪರೀತ ಕುಡಿಯುವವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಯಲ್ಲಿ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸಿ, ದಿಕ್ಕು ತೋಚದಂತಾಗಿ ಜೀವಕ್ಕೇ ಕುತ್ತು ಬರಬಹುದು. ಆಗ ಬೇಕಾದದ್ದು 108, ಮೀಟಿಂಗ್ ಅಲ್ಲ. ಸಭೆ ಚಿಕಿತ್ಸೆಯ ಜೊತೆಗಿರುವಂಥದ್ದು, ಚಿಕಿತ್ಸೆಯ ಬದಲಿಗಲ್ಲ.

ಸರಿಯಾದ ವಿಳಾಸ ಸಿಗದ ಮನೆಯವರು ಸುಮ್ಮನೆ ಕೂರುವುದಿಲ್ಲ. ‘ಕುಡಿಯುವವರಿಗೆ ತಿಳಿಯದಂತೆ ಬಿಡಿಸುತ್ತೇವೆ’ ಎಂಬ ಗೋಡೆ ಪೋಸ್ಟರ್‌ನ ನಂಬರಿಗೆ ಕರೆ ಮಾಡುತ್ತಾರೆ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆಯನ್ನು ಸಾರಿನಲ್ಲಿ ಕಲಸಿ ಕೊಟ್ಟರೆ, ಅದು ಗೊತ್ತಿಲ್ಲದೆ ಅವನು ಮೇಲೆ ಒಂದು ನೈಂಟಿ ಹಾಕಿದರೆ, ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಇನ್ನು ಕೆಲವರು ಸಿಕ್ಕ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಇಂಥ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು. ನೋಂದಾಯಿತ ಕೇಂದ್ರಗಳ ಹೆಸರನ್ನು ಅದೇ ಹಾಳೆಯ ಹಿಂಬದಿಯಲ್ಲಿ ಹಾಕಿಸಿ.

ಅನುದಾನ ಕೇಳುತ್ತಿಲ್ಲ, ಎ.ಎ. ಹೊರಗಿನವರ ಹಣ ಮುಟ್ಟುವುದೂ ಇಲ್ಲ. ಸಭೆಯಲ್ಲಿ ಬಂದವರು ಹಾಕಿದ ಕಾಸಿನಲ್ಲೇ ಬಾಡಿಗೆ, ಚಹಾ ನಡೆಯುತ್ತದೆ. ಬೇಕಾದದ್ದು ಜಾಗ. ಸಂಜೆ ಖಾಲಿ ಬಿದ್ದಿರುವ ಸರ್ಕಾರಿ ಶಾಲೆಯ ಕೊಠಡಿ, ವಾರ್ಡ್ ಕಚೇರಿಯ ಹಾಲ್ ಸಣ್ಣ ಬಾಡಿಗೆಗೆ ವಾರಕ್ಕೊಂದು ದಿನ ಸಿಕ್ಕರೆ ಸಾಕು. ಇಪ್ಪತ್ತು ಕುರ್ಚಿ, ಒಂದು ಫ್ಯಾನು, ಹೆಂಗಸರೂ ಬಳಸಬಹುದಾದ ಶೌಚಾಲಯ. ಬಾಗಿಲಲ್ಲಿ ಸಹಿ ಪುಸ್ತಕ, ಆಧಾರ್ ನಂಬರು ಕೇಳುವುದು ಬೇಡ. ಕೇಳಿದ ದಿನವೇ ಸಭೆ ಖಾಲಿ. ಉದ್ಘಾಟನೆ, ಫ್ಲೆಕ್ಸು ಕೂಡ ಬೇಡ, ದಯವಿಟ್ಟು.

ಅಬಕಾರಿ ನಿಮ್ಮ ಖಾತೆಯಲ್ಲ ಎಂಬುದು ಗೊತ್ತು. ಆದರೂ ಸಂಪುಟದಲ್ಲಿ ಒಂದು ಮಾತು ಹೇಳಿ: ಬಾಟಲಿಯ ಮೇಲೆ ಎಚ್ಚರಿಕೆಯ ಸಾಲಿದೆ, ಸಹಾಯಕ್ಕೆ ಯಾರನ್ನು ಕರೆಯಬೇಕೆಂದಿಲ್ಲ. ಪ್ರತಿ ಮದ್ಯದಂಗಡಿಯ ಕೌಂಟರ್ ಎದುರು 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಬರೆಸುವುದು ಲೈಸೆನ್ಸಿನ ಷರತ್ತಾಗಲಿ.

ಮೊದಲು ಕೆ.ಸಿ. ಜನರಲ್, ಜಯನಗರ ಜನರಲ್ ಮತ್ತು ಸಿ.ವಿ. ರಾಮನ್ ಆಸ್ಪತ್ರೆಗಳಲ್ಲಿ ಶುರುಮಾಡಿ. ಡಿಸ್ಚಾರ್ಜ್ ಚೀಟಿಗೆ ಮನೆ ಹತ್ತಿರದ ಎರಡು ಸಭೆಗಳ ವಿವರ ಪಿನ್ ಮಾಡಿ ಕೊಡಲಿ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳ ಗೋಡೆಗೆ ಅದೇ ಹಾಳೆ ಅಂಟಿಸಲಿ. ಪಟ್ಟಿಯ ಹೊಣೆ ಯಾವ ಅಧಿಕಾರಿಯದು ಎಂಬುದನ್ನು ಆದೇಶದಲ್ಲೇ ಬರೆಯಿರಿ. ಇಲ್ಲದಿದ್ದರೆ ಮುಂದಿನ ಮಾರ್ಚ್ ಹೊತ್ತಿಗೆ ಅದೂ ಹಳೆಯದಾಗಿರುತ್ತದೆ.

ಇಂತಿ,
ಬೆಂಗಳೂರಿನಲ್ಲಿ ಕುಡಿತ ಬಿಡುವವರ ಜೊತೆ ಕೆಲಸ ಮಾಡುವ ಕೆಲವರು