ಅವರು ನೀರಲ್ಲಿದ್ದರು, ಸ್ವಾಮಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ನಮಸ್ಕಾರಗಳು.

ಚಳಿಗಾಲದ ಅಧಿವೇಶನಕ್ಕೆ ನೀವು ನಮ್ಮ ಬೆಳಗಾವಿಗೆ ಬರುತ್ತೀರಿ. ಅದಕ್ಕೇ ಇಲ್ಲಿಂದ ಬರೆಯುತ್ತಿದ್ದೇನೆ. ಬೆಳಗಾವಿಯವಳಿಗೆ ಸಮುದ್ರದ ಉಸಾಬರಿ ಯಾಕೆ ಅನ್ನಬೇಡಿ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ತವರು ಕುಮಟಾ ತಾಲ್ಲೂಕು, ಅಘನಾಶಿನಿ ದಂಡೆ.

ಅಲ್ಲಿ ನೀರು ಇಳಿಯುತ್ತಿದ್ದಂತೆ ಹೆಂಗಸರು ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಾರೆ. ಸೊಂಟದವರೆಗೆ ನೀರು. ಕಾಲಲ್ಲೇ ಕೆಸರು ತಡಕಿ, ಬಗ್ಗಿ, ಬೆಳಚು ಅನ್ನುವ ಚಿಪ್ಪುಮೀನು ಎತ್ತುತ್ತಾರೆ. ಚಿಪ್ಪು ಗೀರಿದ ಗುರುತು ಅಮ್ಮನ ಬೆರಳಲ್ಲಿ ಈಗಲೂ ಇದೆ. ಆಳದ ಕಡೆ ದೋಣಿ ಒಯ್ದು ಮುಳುಗುವವರು ಹೆಚ್ಚಾಗಿ ಗಂಡಸರು. ಚಿಕ್ಕಪ್ಪನ ದೋಣಿಗೆ ನೋಂದಣಿ ನಂಬರ್ ಇದೆ. ಅಮ್ಮನ ಬುಟ್ಟಿಗೆ ಎಲ್ಲಿಂದ ಬರಬೇಕು?

2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಮಾಡುವ ನಕ್ಷೆಯಲ್ಲಿ ಉಬ್ಬರದ ಗೆರೆ ಇರುತ್ತದೆ, ಇಳಿತದ ಗೆರೆ ಇರುತ್ತದೆ. ಆ ಎರಡು ಗೆರೆಗಳ ನಡುವಿನ ಕೆಸರಲ್ಲೇ ಅಲ್ವಾ ಇವರ ದುಡಿಮೆ? ಅಲ್ಲಿ ಯಾರು, ಯಾವ ತಿಂಗಳು, ಏನು ಹೆಕ್ಕುತ್ತಾರೆ ಅನ್ನುವುದನ್ನೂ ಬರೆಸಿ.

ಮೀನು ಒಣಗಿಸುವ ಮರಳೂ ಹಾಗೇ. ಹೊರಗಿನವರ ಕಣ್ಣಿಗೆ ಅದು ಸುಮ್ನೆ ಬಿದ್ದಿರುವ ಜಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಬೇಸಿಗೆಯಲ್ಲಿ ಆ ಮರಳ ಮೇಲೆ ಹೆಂಗಸರು ಒಣಗಿಸಿಟ್ಟ ಮೀನಿನಿಂದ. ಮಳೆಗಾಲದಲ್ಲಿ ಬೆಳಗಾವಿ ಪೇಟೆಯಲ್ಲಿ ಒಣ ಸಿಗಡಿ ಕೊಳ್ಳುವವರಲ್ಲಿ ನಾನೂ ಒಬ್ಬಳು.

ಒಮ್ಮೆ ತವರಿಗೆ ಹೋದಾಗ ಒಂದು ಅಹವಾಲು ಸಭೆಗೆ ಹೋಗಿದ್ದೆ. ಬೆಳಿಗ್ಗೆ 11ಕ್ಕೆ ಕರೆದಿದ್ದರು. ಹೆಂಗಸರಿಗೆ ಅಂತ ಇಟ್ಟ ಎರಡು ಸಾಲು ಕುರ್ಚಿ ಖಾಲಿ. "ಇವರಿಗೆ ಆಸಕ್ತಿನೇ ಇಲ್ಲ" ಅಂದರು ಹಿಂದಿನಿಂದ ಯಾರೋ. ಆಸಕ್ತಿಯ ಮಾತಲ್ಲ ಸ್ವಾಮಿ, ಅವರು ನೀರಲ್ಲಿದ್ದರು! ಅವತ್ತು ಇಳಿತ ಬಿದ್ದದ್ದೇ ಆ ಹೊತ್ತಿಗೆ.

ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ತಿಥಿ ಹೇಳಿದರೆ ಸಾಕು, ನೀರು ಯಾವಾಗ ಇಳಿಯುತ್ತದೆ ಅಂತ ಅಮ್ಮ ಹೇಳುತ್ತಾಳೆ. ಅದನ್ನು ಕೇಳಿ ಸಭೆಯ ಹೊತ್ತು ಗೊತ್ತು ಮಾಡುವುದಕ್ಕೆ ಬಜೆಟ್ ಬೇಡ, ಸಮಿತಿಯೂ ಬೇಡ.

2024ರಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಖುಷಿಯಾಯಿತು. ಇನ್ನು ಅಲ್ಲಿ ಯೋಜನೆ, ಸಮೀಕ್ಷೆ, ಸಭೆ ಎಲ್ಲ ಜಾಸ್ತಿಯೇ ಆಗಬಹುದು. ಮುಂದಿನ ಸಭೆಗೆ ದಿನ ಗೊತ್ತು ಮಾಡುವ ಮೊದಲು, ಅವತ್ತು ನೀರು ಯಾವಾಗ ಇಳಿಯುತ್ತದೆ ಅಂತ ಬೆಳಚು ಹೆಕ್ಕುವ ಒಬ್ಬ ಹೆಂಗಸನ್ನು ಕೇಳಿಸಿ.

ಇಂತಿ,
ಅಘನಾಶಿನಿ ದಂಡೆಯ ಮಗಳು, ಬೆಳಗಾವಿ