ಶಾಲಾ ಸಮಾರಂಭಗಳ ಛಾಯಾಚಿತ್ರಗಳ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರಗಳು. ಕ್ರೀಡಾಕೂಟದ ಫೋಟೊಗಳನ್ನು ಸೂಚನಾ ಫಲಕದಲ್ಲಿ ಹಾಕಿದ ಮೇಲೆ, ತರಗತಿಯ ನಾಯಕರಾಗಿರುವ ತಮ್ಮ ಮಕ್ಕಳು ಒಂದರಲ್ಲೂ ಕಾಣುತ್ತಿಲ್ಲವೆಂದು ಕೆಲವರು ಬೇಸರದಿಂದ ಬರೆದಿದ್ದೀರಿ. ಆ ಬೇಸರ ಸಹಜವಾದದ್ದು. ಅಂದು ಕ್ಯಾಮೆರಾ ಅವರ ಕೈಯಲ್ಲೇ ಇತ್ತು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಈ ವರ್ಷದಿಂದ ಫೋಟೊ ತೆಗೆಯುವ ಹೊಣೆಯನ್ನು ವಿದ್ಯಾರ್ಥಿ ನಾಯಕರಿಗೇ ವಹಿಸಿದ್ದೇವೆ. ಹಳೆಯ ಫಿಲ್ಮ್ ರೋಲಿನಲ್ಲಿದ್ದಂತೆ ಒಬ್ಬರಿಗೆ 36 ಫೋಟೊ ಮಾತ್ರ. ಓಟವನ್ನು ಸೆರೆಹಿಡಿಯಲು ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದು ಮುಚ್ಚುವ ವೇಗವನ್ನು, 1/125ರಿಂದ 1/500 ಸೆಕೆಂಡಿಗೆ ಏರಿಸಿದರೆ ಮೊದಲಿನ ಕಾಲು ಭಾಗದಷ್ಟು ಬೆಳಕು ಮಾತ್ರ ಒಳಬರುತ್ತದೆ. ಆ ಕೊರತೆ ತುಂಬಲು ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಹಿಗ್ಗಿಸಿದರೆ ಹಿಂದೆ ನಿಂತವರು ಮಸುಕಾಗುತ್ತಾರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅಲ್ಲೇ ನಿಂತು ತೀರ್ಮಾನಿಸುವ ಮಗುವಿಗೆ ನಾಯಕತ್ವದ ಬಗ್ಗೆ ಭಾಷಣ ಬೇಕಾಗುವುದಿಲ್ಲ, ನನ್ನ ಭಾಷಣವಂತೂ ಖಂಡಿತ ಬೇಡ. ಬೇಡವೆಂದವರ ಫೋಟೊ ತೆಗೆಯಬಾರದೆಂಬ ನಿಯಮವನ್ನೂ ಅವರು ಪಾಲಿಸುತ್ತಿದ್ದಾರೆ.

ಗುಂಪು ಫೋಟೊ ತೆಗೆದ ಎಂಟನೇ ತರಗತಿಯ ನಾಯಕಿ, ಹಿಂದಿನ ಸಾಲಿನ ಹುಡುಗನೊಬ್ಬನ ಮುಖ ಮುಂದಿನವನ ಭುಜಕ್ಕೆ ಮರೆಯಾಗಿದ್ದನ್ನು ಕಂಡು ಎತ್ತರದವರನ್ನು ಹಿಂದಕ್ಕೆ ಕಳುಹಿಸಿದಳು. ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಿದ್ದುದರಿಂದ ಇಡೀ ಗುಂಪನ್ನು ನೆರಳಿಗೆ ಕರೆದೊಯ್ದು ಮತ್ತೆ ನಿಲ್ಲಿಸಿದಳು. ಆ ಫೋಟೊದಲ್ಲಿ ಅವಳಿಲ್ಲ, ನಿಜ. ಅದರಲ್ಲಿ ಒಂದು ಮುಖವೂ ಮರೆಯಾಗಿಲ್ಲ ಎಂಬುದನ್ನು ಅವಳ ತಂದೆತಾಯಿ ದಯವಿಟ್ಟು ಇನ್ನೊಮ್ಮೆ ನೋಡಬೇಕು. ತಮ್ಮ ಮಗು ಎಲ್ಲರಿಗೂ ಕಾಣಬೇಕೆಂದು ಬಯಸುವುದು ತಪ್ಪಲ್ಲ, ನಾನೂ ಪೋಷಕನೇ. ಆದರೆ ನಾಯಕನೆಂದರೆ ನಡುವೆ ನಿಲ್ಲುವವನು ಎಂಬ ಭಾವನೆ ಮಕ್ಕಳಲ್ಲಿ ಈಗಾಗಲೇ ಸಾಕಷ್ಟಿದೆ. ಬೇರೆಯವರಿಗೆ ಜಾಗ ಮಾಡಿಕೊಡುವ ಅಭ್ಯಾಸವನ್ನು ಶಾಲೆ ಕಲಿಸಬೇಕಾಗಿದೆ. ತಮ್ಮ ಸಮಾಧಾನಕ್ಕಾಗಿ, ಮುಂದಿನ ಸಮಾರಂಭದಿಂದ ಕ್ಯಾಮೆರಾ ಅರ್ಧ ಕಾರ್ಯಕ್ರಮಕ್ಕೊಮ್ಮೆ ಕೈ ಬದಲಾಗುವಂತೆ ಏರ್ಪಾಡು ಮಾಡುತ್ತೇವೆ. ವ್ಯವಸ್ಥೆಯನ್ನೇ ಕೈಬಿಡಬೇಕೆಂಬ ಸಲಹೆಯನ್ನು ಮಾತ್ರ ಒಪ್ಪಲಾಗುವುದಿಲ್ಲ.

ಕಳೆದ ಬಾರಿ ಹಿರಿಯರು ಮೊಬೈಲ್ ಹಿಡಿದು ಎದ್ದು ನಿಂತಿದ್ದರಿಂದ ಮಕ್ಕಳ ಎಷ್ಟೋ ಫೋಟೊಗಳಲ್ಲಿ ಬೆನ್ನುಗಳೇ ತುಂಬಿವೆ. ಆದ್ದರಿಂದ ವಾರ್ಷಿಕೋತ್ಸವದಂದು ಕಾರ್ಯಕ್ರಮ ಮುಗಿಯುವವರೆಗೆ ತಮ್ಮ ಮೊಬೈಲ್‌ಗಳನ್ನು ಹೊರತೆಗೆಯಬಾರದೆಂದು ವಿನಂತಿಸುತ್ತೇನೆ. ಫೋಟೊಗಳ ಪ್ರತಿ ಬೇಕಾದವರು ತರಗತಿ ಶಿಕ್ಷಕರ ಬಳಿ ಹೆಸರು ಬರೆಸಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು