ಹೊಲಿಗೆ ಬಿಚ್ಚಿದ ಮೇಲೆ

ನನ್ನ ಹೊಲಿಗೆ ಅಂಗಡಿ ಯಾಕೆ ಮುಚ್ಚಿತ್ತು ಎಂದು ಮಂಗಳೂರಿನ ಬಿಜೈಯಲ್ಲಿ ಸಿಕ್ಕಿದವರೆಲ್ಲ ಕೇಳುತ್ತಿದ್ದಾರೆ. ನಮ್ಮ ಅತ್ತೆ ಹರ್ನಿಯಾ ಆಪರೇಶನ್ ಎಂದು ಓಣಿಗೆಲ್ಲ ಹೇಳಿ ಮುಗಿಸಿದ್ದಾರೆ. ಹರ್ನಿಯಾ ಅಲ್ಲ ಮಾರಾಯ್ರೆ, ಟಮ್ಮಿ ಟಕ್, ಅಂದರೆ ಜೋತುಬಿದ್ದ ಹೊಟ್ಟೆಯನ್ನು ಬಿಗಿ ಮಾಡುವ ಆಪರೇಶನ್. ಎರಡು ಹೆರಿಗೆ ಆದ ಮೇಲೆ ಹೊಟ್ಟೆಯ ನಡುವಿನ ಸ್ನಾಯು ಎರಡು ಬದಿಗೆ ಸರಿದು, ಚರ್ಮ ಜೋತುಬಿದ್ದಿತ್ತು. ಸಿಟಿ ಬಸ್ಸಿನ ಕಂಡಕ್ಟರ್ ಒಮ್ಮೆ "ಬಸುರಿ ಇದ್ದಾರೆ, ಸೀಟು ಕೊಡಿ" ಎಂದು ಕೂಗಿ ನನಗೆ ಜಾಗ ಮಾಡಿಸಿದ್ದೂ ಉಂಟು. ಹಂಪನಕಟ್ಟೆವರೆಗೆ ಕುಳಿತೇ ಹೋದೆ, ಅದು ಬೇರೆ ಮಾತು.

ಸೌಂದರ್ಯಕ್ಕೆ ಮಾಡಿಸುವ ಆಪರೇಶನ್ನಿಗೆ ವಿಮೆ ಸಿಗುವುದಿಲ್ಲ. ಚೀಟಿ ಎತ್ತಿ ಹಣ ಹೊಂದಿಸಿದ್ದೆ, ಆಗಸ್ಟಿಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಆಟಿ ತಿಂಗಳ ಮಳೆಯಲ್ಲಿ ಡೆಂಗ್ಯೂ ಹಿಡಿಯಿತು.

ಮೊದಲ ವಂದನೆ ಆಗ ವಾರ್ಡಿನಲ್ಲಿದ್ದ ಸಿಸ್ಟರುಗಳಿಗೆ. ಜ್ವರ ಇಳಿದದ್ದೇ ನಾನು ಮನೆಗೆ ಹೊರಟು ನಿಂತಿದ್ದೆ. ಅವರು ಮಾತ್ರ ಆಮೇಲೆಯೇ ಹೆಚ್ಚು ಸಲ ಬಂದು ಬಿಪಿ ನೋಡುತ್ತಿದ್ದರು, ಹೊಟ್ಟೆ ನೋವುಂಟಾ, ವಾಂತಿ ಉಂಟಾ, ಮೂತ್ರ ಸರಿ ಹೋಗುತ್ತದಾ ಎಂದು ಕೇಳುತ್ತಿದ್ದರು. ಡೆಂಗ್ಯೂವಿನಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದು ಹೆಚ್ಚಾಗಿ ಜ್ವರ ಬಿಡುವ ಹೊತ್ತಿನಲ್ಲಂತೆ. ಬೊಂಡ (ಎಳನೀರು) ಕಳಿಸಿದ ನೆರೆಕರೆಯವರಿಗೂ ಉಪಕಾರ ಹೇಳಬೇಕು. ಪಪ್ಪಾಯಿ ಎಲೆಯ ರಸ ಕಳಿಸಿದವರು ಕ್ಷಮಿಸಿ, ಅದು ಗಂಟಲಲ್ಲಿ ಇಳಿಯಲಿಲ್ಲ.

31 ಸಾವಿರಕ್ಕೆ ಇಳಿದಿದ್ದ ಪ್ಲೇಟ್‌ಲೆಟ್ ಬೇಗನೆ 2 ಲಕ್ಷ ದಾಟಿತು. 1.5 ಲಕ್ಷದ ಮೇಲಿದ್ದರೆ ನಾರ್ಮಲ್ ಎಂದು ನಮ್ಮ ಊರಿನಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ರಿಪೋರ್ಟ್ ಹಿಡಿದುಕೊಂಡು, ಗೊತ್ತಾದ ದಿನಕ್ಕೇ ಮಾಡಿ ಎಂದು ಆಸ್ಪತ್ರೆಗೆ ಹೋದೆವು. ಆಪರೇಶನ್ನಿಗೆ ಮೊದಲಿನ ತಪಾಸಣೆಗೆ ಕೂತಿದ್ದ ಅರಿವಳಿಕೆ ಡಾಕ್ಟರು ಪ್ಲೇಟ್‌ಲೆಟ್ ಸಾಲಿನ ಮೇಲೆ ಕಣ್ಣು ಹಾಯಿಸಿ ಪುಟ ತಿರುಗಿಸಿಬಿಟ್ಟರು. ಅವರು ನಿಂತದ್ದು ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಯ ಸಾಲಿನ ಮೇಲೆ. ಲಿವರ್ ಇನ್ನೂ ಸುಧಾರಿಸಿರಲಿಲ್ಲ, ಹಿಮೋಗ್ಲೋಬಿನ್ನೂ ಕಡಿಮೆ. ಆಮೇಲೆ ನನ್ನನ್ನು ಕಾರಿಡಾರಿನ ಆ ತುದಿಯವರೆಗೆ ನಡೆಸಿ, ಒಂದು ಮಹಡಿ ಮೆಟ್ಟಿಲು ಹತ್ತಿಸಿ, ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಿಂತರು. ನಾನು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದೆ. ಅಲ್ಲಿಯೇ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ 'ಈಗ ಬೇಡ' ಎಂದು ಬರೆದರು.

ನನ್ನ ಗಂಡ ಬಿಡಲಿಲ್ಲ. ಪ್ಲೇಟ್‌ಲೆಟ್ ಬಂತಲ್ಲ, ಇನ್ನೆಂತ ಎಂದು ಕೇಳಿದರು. ಡಾಕ್ಟರು ಬೇಸರಿಸದೆ ಕೂರಿಸಿಕೊಂಡು ಹೇಳಿದರು. ಈ ಆಪರೇಶನ್ನಿನಲ್ಲಿ ಹೊಟ್ಟೆಯ ಚರ್ಮವನ್ನು ಅಗಲಕ್ಕೆ ಬಿಡಿಸಿ ಎಬ್ಬಿಸುತ್ತಾರೆ, ರಕ್ತಸ್ರಾವ ಇದ್ದದ್ದೇ, ಗಾಯ ಮಾಯಲು ಮೈಯಲ್ಲಿ ಕಸುವು ಬೇಕು. ಸೌಂದರ್ಯದ ಆಪರೇಶನ್‌ಗಳ ಪೈಕಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದೂ ಇದರಲ್ಲಿಯೇ. ಹಾಗಾಗಿ ಮರುದಿನವೇ ಎದ್ದು ನಡೆಯಬೇಕು. ಈಗಲೇ ಏದುಸಿರು ಬಿಡುವವರನ್ನು ಆಗ ನಡೆಸುವುದು ಹೇಗೆ?

ಕೋವಿಡ್ ಕಾಲದ ಒಂದು ಲೆಕ್ಕವನ್ನೂ ಹೇಳಿದರು. 116 ದೇಶಗಳಲ್ಲಿ ಆಪರೇಶನ್ ಆದ 1,40,231 ಜನರನ್ನು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನ ಅದು. ಸೋಂಕಿಲ್ಲದವರಲ್ಲಿ 30 ದಿನದೊಳಗೆ ಸತ್ತವರು ಶೇ. 1.5ರಷ್ಟು. ಸೋಂಕು ತಗಲಿ ಎರಡು ವಾರದೊಳಗೆ ಆಪರೇಶನ್ ಆದವರಲ್ಲಿ ಶೇ. 4ರ ಮೇಲೆ. 7 ವಾರ ಕಳೆದ ಮೇಲೆ ಮತ್ತೆ 1.5. ಆದರೆ 7 ವಾರ ಕಳೆದರೂ ಲಕ್ಷಣ ಉಳಿದಿದ್ದವರಲ್ಲಿ ಶೇ. 6. "ಅದು ಲಸಿಕೆ ಬರುವ ಮೊದಲಿನ ಲೆಕ್ಕ, ಡೆಂಗ್ಯೂವಿಗೆ ಹಾಗೆಯೇ ತಂದು ಹಾಕುವಂತಿಲ್ಲ. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬಾರದು ಅಂತ ನಾನು ಕಲಿತದ್ದು ಅದರಿಂದ. ಅಪೆಂಡಿಕ್ಸ್ ಆಗಿದ್ದರೆ ಇವತ್ತೇ ಒಳಗೆ ಕರ್ಕೊಂಡು ಹೋಗ್ತಿದ್ದೆ. ಇದಕ್ಕೆ ಅವಸರ ಎಂತದ್ದು?" ಎಂದರು. ಗಂಡ ಸುಮ್ಮನಾದರು. ಅವರನ್ನು ಸುಮ್ಮನಾಗಿಸಿದ್ದಕ್ಕೆ ಡಾಕ್ಟರಿಗೆ ನನ್ನದು ಬೇರೆಯೇ ಒಂದು ಥ್ಯಾಂಕ್ಸ್.

ಅದೇ ವಾರ ಬೇರೆ ಊರಿನ ಕ್ಲಿನಿಕ್ ಒಂದರಿಂದ ಫೋನ್ ಬಂತು. ಮೊದಲು ಅಲ್ಲಿಯೂ ವಿಚಾರಿಸಿದ್ದೆ. ನನಗೆ ಡೆಂಗ್ಯೂ ಆಗಿತ್ತು ಎಂದರೆ, "ಪ್ಲೇಟ್‌ಲೆಟ್ ಓಕೆ ಇದ್ರೆ ಬಂದ್ಬಿಡಿ ಮೇಡಂ, ಆಫರ್ ಈ ತಿಂಗಳ ಕೊನೆಗೆ ಮುಗಿಯುತ್ತೆ" ಎಂದಳು ಹುಡುಗಿ. ನಾನೂ ಸೀರೆ ಫಾಲ್ಸಿಗೆ ಆಫರ್ ಹಾಕುವವಳೇ. ಆದರೆ ಹೊಟ್ಟೆ ಕೊಯ್ಯುವುದಕ್ಕೆ ತಿಂಗಳ ಕೊನೆಯ ಆಫರ್ ನನಗೆ ಸರಿ ಕಾಣಲಿಲ್ಲ. ನಮ್ಮ ಸರ್ಜನ್ ಮೇಡಂ ಮುಂಗಡ ಹಣವನ್ನು ಹಾಗೆಯೇ ಇಟ್ಟುಕೊಂಡು, ನವರಾತ್ರಿ ಕಳೆದು ಬನ್ನಿ, ಮತ್ತೆ ರಕ್ತ ಪರೀಕ್ಷೆ ಮಾಡುವ ಎಂದಿದ್ದರು. ಇದೆಲ್ಲ ನಿಮಗೆ ಬೇಕಾ ಎಂದು ಮಾತ್ರ ಅವರು ಒಮ್ಮೆಯೂ ಕೇಳಲಿಲ್ಲ. ಹಾಗೆ ಕೇಳದವರು ಎಷ್ಟು ಕಡಿಮೆ ಎಂಬುದು ಇಂಥದ್ದಕ್ಕೆ ಹೊರಟವರಿಗೇ ಗೊತ್ತು.

ನಡುವೆ ತಲೆಕೂದಲು ಹಿಡಿ ಹಿಡಿಯಾಗಿ ಉದುರಿತು. ಜೋರು ಜ್ವರದ ನಂತರ ಹಾಗಾಗುವುದುಂಟು, ಮತ್ತೆ ಬರುತ್ತದೆ ಎಂದರು, ಈಗ ಬರುತ್ತಿದೆ. ದೀಪಾವಳಿ ಕಳೆದು ಅದೇ ಅರಿವಳಿಕೆ ಡಾಕ್ಟರು ಅದೇ ಮೆಟ್ಟಿಲು ಹತ್ತಿಸಿದರು. ಈ ಸಲ ಗೋಡೆ ಬೇಕಾಗಲಿಲ್ಲ.

ಅತ್ತೆಗೆ ಈ ಆಪರೇಶನ್ ಬೇಡವೇ ಬೇಡ ಎಂದಿತ್ತು. ಮುಂದೆ ಹಾಕಿದಾಗ, ಇನ್ನು ನಿಂತೇಹೋಯಿತು ಎಂದು ಖುಷಿಪಟ್ಟಿದ್ದರು. ಆದರೂ ಆಸ್ಪತ್ರೆಗೆ ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ ಹೊತ್ತು ತಂದವರು ಅವರೇ. ಸೊಂಟ ಬಗ್ಗಿಸಿಕೊಂಡು ನಡೆಯಬೇಕಾದ ಆ ದಿನಗಳಲ್ಲಿ ನನ್ನ ಮೊಣಕೈ ಹಿಡಿದು ಬಾತ್‌ರೂಮಿಗೆ ಕರೆದೊಯ್ದವರೂ ಅವರೇ. ಹರ್ನಿಯಾ ಸುಳ್ಳಿಗೆ ಮಾಫಿ.

ಅಂಗಡಿಯ ಇಬ್ಬರು ಹುಡುಗಿಯರು ಕ್ರಿಸ್ಮಸ್ ಗೌನುಗಳನ್ನು ನನ್ನನ್ನು ಕಾಯದೆ ಕತ್ತರಿಸಿ ಇಟ್ಟಿದ್ದಾರೆ, ಅವರಿಗೆ ಬೋನಸ್ ಉಂಟು. ಸೋಮವಾರದಿಂದ ನಾನೂ ಕೂರುತ್ತೇನೆ, ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡು. ಭಾರ ಎತ್ತಬಾರದು, ಕಾಲಿನಲ್ಲಿ ಮೆಷಿನ್ ತುಳಿಯಬಾರದು ಎಂದಿದ್ದಾರೆ. ಮೋಟಾರ್ ಕೂರಿಸಿ ಆಗಿದೆ. ಬ್ಲೌಸ್ ಅರ್ಜೆಂಟ್ ಇರುವವರು ಮಾತ್ರ ಮೊದಲು ಬನ್ನಿ, ಕರ್ಟನ್ ಹೊಲಿಗೆ ಜನವರಿಗೆ.